ಹಿರೀಕರ ಕೂಟದ ಮಸೂದೆ

ನಮ್ಮೂರಲ್ಲಿ ಕುಕ್ಕರ್ ಕೂಗುವುದಿಲ್ಲ. ಬೇರೆ ಊರಿನಿಂದ ಸೊಸೆಯಾಗಿ ಬಂದ ಹುಡುಗಿಯರು ಮೊದಮೊದಲು ಬೇಳೆ ಸೀಯಿಸಿ, ಅತ್ತೆಯಿಂದ ಬೈಸಿಕೊಂಡು, ಆಮೇಲೆ ವಾಸನೆ ನೋಡಿ ಒಲೆ ಆರಿಸುವುದನ್ನು ಕಲಿಯುತ್ತಾರೆ. ನಾನಿನ್ನೂ ಬೀದಿ ಬೀದಿ ಸುತ್ತಿ ಬಳೆ ಮಾರುತ್ತಿದ್ದ ಕಾಲದಲ್ಲಿ ಶಾಸನಸಭೆಯವರು ಶಿಳ್ಳೆ ಕೂಡದು ಅಂತ ಕಾನೂನು ಮಾಡಿದರು. ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಮುಂದೆ ಪೋಲಿ ಹುಡುಗರ ಕಾಟ ತಪ್ಪಿಸೋಣ ಅಂತ ಹೊರಟ ಪುಣ್ಯಾತ್ಮರು, ಯಾರ ಶಿಳ್ಳೆ ಅಂತ ಬರೆಯುವುದನ್ನೇ ಮರೆತರು. ಸಭೆಯ ಮಾಳಿಗೆ ಮೇಲೆ ನಗಾರಿಗೆ ಏಟು ಬಿತ್ತು ನೋಡಿ, ಪೋಲಿಗಳ ತುಟಿಯಿಂದ ಬರೀ ಗಾಳಿ ಬಂತು, ಒಲೆಯ ಮೇಲಿನ ಕುಕ್ಕರ್ ಮೂಕವಾಯಿತು, ರೈಲು ಸದ್ದಿಲ್ಲದೆ ಬಂದು ಗೇಟಿನ ಹತ್ತಿರ ಒಬ್ಬ ಡ್ರಾಯಿಂಗ್ ಮೇಷ್ಟರನ್ನೂ ಅವರ ಸೈಕಲ್ಲನ್ನೂ ಎಳೆದುಕೊಂಡು ಹೋಯಿತು.

ನಮ್ಮಲ್ಲಿ ಕಾನೂನಿಗೆ ಪೊಲೀಸರ ಲಾಠಿ ಬೇಕಿಲ್ಲ. ನಗಾರಿ ಬಿದ್ದರೆ ಮುಗಿಯಿತು, ಕಾನೂನು ತಾನೇ ಮೈಗೆ ಇಳಿಯುತ್ತದೆ. ಮೇಷ್ಟರು ಸತ್ತ ಮೇಲೆ ಸಭೆಯವರು ಕಣ್ಣೀರು ಹಾಕಿ ಕಾನೂನನ್ನು ರದ್ದು ಮಾಡಿ ಇನ್ನೊಂದು ಸಲ ನಗಾರಿ ಬಾರಿಸಿದರು. ಏನೂ ಆಗಲಿಲ್ಲ. ನಗಾರಿಗೆ ತೆಗೆದುಕೊಳ್ಳುವುದು ಗೊತ್ತು, ಕೊಡುವುದು ಗೊತ್ತಿಲ್ಲ. ಊರು ಬಿಟ್ಟು ಹೋದವರಿಗೂ ಬಿಡುಗಡೆಯಿಲ್ಲ. ಈ ಊರಿನ ನೀರು ಕುಡಿದು ಬೆಳೆದವರು ಸಮುದ್ರದಾಚೆ ಹೋದರೂ ಅವರಿಗೆ ಶಿಳ್ಳೆ ಬರುವುದಿಲ್ಲ.

ನನ್ನ ಹೆಸರು ಕೆಂಪನಂಜಮ್ಮ. ಪೇಟೆ ಕ್ಷೇತ್ರದಿಂದ ಗೆದ್ದ ಕೊಡೆ ಪಕ್ಷದ ಸದಸ್ಯೆ. ಗಂಡ ತೀರಿಕೊಂಡ ಮೇಲೂ ಬಳೆ ಮಲಾರ ಹೊತ್ತು ತಿರುಗಿದವಳು. ಮುಂಡೆಯ ಕೈಯಿಂದ ಬಳೆ ತೊಡುವುದೇ ಅಂತ ಮೂಗು ಮುರಿದವರೇ ಕೊನೆಗೆ ನನ್ನನ್ನೇ ಕೂಗಿ ಕರೆದರು, ಯಾಕೆಂದರೆ ನನ್ನಷ್ಟು ನೋವಾಗದ ಹಾಗೆ ಬಳೆ ಏರಿಸುವವರು ಬೇರೆ ಇರಲಿಲ್ಲ. ಊರಿನ ಎಲ್ಲ ಮನೆಯ ನಡುಮನೆಯವರೆಗೂ ಹೋಗಿ ಬಂದವಳು ಅನ್ನುವ ಕಾರಣಕ್ಕೆ ಪಕ್ಷದವರು ಹೆಂಗಸರ ಸೀಟಿಗೆ ನನ್ನನ್ನು ನಿಲ್ಲಿಸಿದರು. ಗೆದ್ದ ಮೇಲೆ ಬಾಯಿ ಮುಚ್ಚಿಕೊಂಡು ಕೂರುತ್ತಾಳೆ ಅಂದುಕೊಂಡಿದ್ದರು. ಬಳೆಗಾರ್ತಿಯ ಬಾಯಿ ಎಲ್ಲಾದರೂ ಮುಚ್ಚುತ್ತದೆಯೇ?

ನಮ್ಮ ಸಭೆಯಲ್ಲಿ ಇರುವುದು ಎರಡೇ ಪಕ್ಷ, ಏಣಿ ಮತ್ತು ಕೊಡೆ. ಏಣಿಯವರು ಹಗಲು ಅಂದರೆ ಕೊಡೆಯವರು ರಾತ್ರಿ ಅನ್ನಬೇಕು, ಅದು ಸಂಪ್ರದಾಯ. ಬೆಳಿಗ್ಗೆಯೆಲ್ಲ ಒಬ್ಬರ ಅಪ್ಪನನ್ನು ಇನ್ನೊಬ್ಬರು ಬೈದು, ಮೇಜು ಕುಟ್ಟಿ, ಹಾಳೆ ಹರಿದು ಎಸೆಯುತ್ತಿದ್ದರು. ಮಧ್ಯಾಹ್ನ ಆಯಿತೆಂದರೆ ಎರಡೂ ಪಕ್ಷದ ಮುದುಕರು ಕ್ಯಾಂಟೀನಿನ ಕಿಟಕಿ ಪಕ್ಕದ ಉದ್ದ ಮೇಜಿನಲ್ಲಿ ಒಟ್ಟಿಗೆ ಕೂತು, ಮೊಸರನ್ನಕ್ಕೆ ಒಬ್ಬರ ಮನೆಯ ಉಪ್ಪಿನಕಾಯಿಯನ್ನು ಇನ್ನೊಬ್ಬರು ನೆಂಚಿಕೊಳ್ಳುತ್ತಿದ್ದರು. ಕಾಲ ಕೆಟ್ಟುಹೋಯಿತು ಅನ್ನುವುದರಲ್ಲಿ ಅವರಿಗೆ ಪಕ್ಷಭೇದ ಇರಲಿಲ್ಲ. ಆ ಮೇಜಿನಲ್ಲೇ ಹಿರೀಕರ ಕೂಟ ಹುಟ್ಟಿದ್ದು. ಏಣಿಯ ಕಡೆಯಿಂದ ದೊಡ್ಡವೀರಪ್ಪನವರು, ನಮ್ಮ ಕೊಡೆಯ ಕಡೆಯಿಂದ ರಾಮಶೇಷಯ್ಯನವರು ಅದಕ್ಕೆ ಯಜಮಾನರು. ಕೆಟ್ಟವರು ಅಂತ ನಾನು ಹೇಳುವುದಿಲ್ಲ. ನನ್ನ ಗಂಡ ಸತ್ತಾಗ ಹೆಣ ಎತ್ತುವುದಕ್ಕೆ ಜನ ಕಳಿಸಿದವರು ಇದೇ ರಾಮಶೇಷಯ್ಯ. ಆದರೆ ತಮ್ಮ ಮನೆಯ ಮೊಮ್ಮಕ್ಕಳು ಎದುರು ಮಾತಾಡಿದ್ದಕ್ಕೆ ಇಡೀ ರಾಜ್ಯದ ಮಕ್ಕಳ ಬಾಯಿಗೆ ಬೀಗ ಹಾಕಲು ಹೊರಟರಲ್ಲ, ಅದನ್ನು ಏನನ್ನಬೇಕು?

ಮಸೂದೆ ಚಿಕ್ಕದು. ಮದುವೆಯಾಗದ ಮಕ್ಕಳು ಮನೆಯ ಹಿರಿಯರ ಮಾತು ಮೀರಕೂಡದು, ಅಷ್ಟೇ. ಕೇಳಿದವರೆಲ್ಲ ಆಹಾ ಅಂದರು. ದೇವಸ್ಥಾನದವರು, ಮಸೀದಿಯವರು, ಇಗರ್ಜಿಯವರು ಒಂದೇ ವ್ಯಾನಿನಲ್ಲಿ ಬಂದು ಕೂಟಕ್ಕೆ ಹಾರ ಹಾಕಿ ಹೋದರು.

ನನಗೆ ಮಾತ್ರ ಅವತ್ತೇ ಭಯ ಹತ್ತಿತು. ನನಗೆ ಒಬ್ಬಳೇ ಮಗಳು, ಮಂಗಳ. ಮಂಗಳಿ ಅನ್ನುತ್ತೇವೆ. ಬಸ್ ಸ್ಟ್ಯಾಂಡಿನಲ್ಲಿ ಮೈಕ್ ಹಿಡಿದು ಯಾವ ಬಸ್ಸು ಎಲ್ಲಿಗೆ ಅಂತ ಕೂಗುವ ಕೆಲಸ ಅವಳದು. ಮೈಕ್ ಕೆಟ್ಟ ದಿನವೂ ಅವಳ ಗಂಟಲು ಮೂರನೇ ಬೀದಿಗೆ ಕೇಳುತ್ತದೆ. ಅವಳನ್ನು ನನ್ನ ಗಂಡನ ಅಣ್ಣ, ನಮ್ಮ ಭಾವ ಚಿಕ್ಕಲಿಂಗಯ್ಯ, ತನ್ನ ಹೆಂಡತಿಯ ತಮ್ಮ ಭೈರಪ್ಪನಿಗೆ ಕೊಡಬೇಕು ಅಂತ ಹಟ ಹಿಡಿದು ಕೂತಿದ್ದ. ಭೈರಪ್ಪನಿಗೆ ಅದು ಎರಡನೇ ಸಂಬಂಧ. ಮೊದಲನೇ ಹೆಂಡತಿ ಸೀಮೆಎಣ್ಣೆ ಸ್ಟವ್ ಸಿಡಿದು ಸತ್ತಳು ಅಂತ ಹೇಳಿದರು. ಆ ಮನೆಗೆ ನಾನು ಬಳೆ ತೊಡಿಸಲು ಹೋಗಿದ್ದೇನೆ. ಅಲ್ಲಿ ಇದ್ದದ್ದು ಸೌದೆ ಒಲೆ, ಸ್ಟವ್ವೇ ಇರಲಿಲ್ಲ. ಆ ಹುಡುಗಿಯ ಮುಂಗೈ ಮೇಲೆ ಬೀಡಿ ಸುಟ್ಟ ಕಲೆಗಳನ್ನು ನೋಡಿ, ನೋವಾಗದ ಹಾಗೆ ಅಗಲದ ಬಳೆ ಆರಿಸಿ ಕೊಟ್ಟವಳು ನಾನು.

ಭಾವ ಬಂದಾಗಲೆಲ್ಲ ನಾನು ಆಗಲ್ಲ ಅನ್ನುತ್ತಿದ್ದೆ. "ಗಂಡ್ ದಿಕ್ಕಿಲ್ದ ಮನೆ ಇದು, ಎಷ್ಟ್ ದಿನ ಹೆಣ್ ಇಟ್ಕೊಂಡ್ ಕೂರ್ತೀಯ ನಂಜಮ್ಮ?" ಅನ್ನುತ್ತಿದ್ದ. "ನಾನ್ ಇದೀನಲ್ಲ ಭಾವ, ನಾನೇನ್ ದಿಕ್ಕೆಟ್ಟವಳಾ?" ಅನ್ನುತ್ತಿದ್ದೆ. ಅವನು ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದ. ಆ ಆಗಲ್ಲ ಅನ್ನುವ ಒಂದು ಮಾತಿನ ಬಲದ ಮೇಲೆ ನನ್ನ ಮಗಳು ಬದುಕಿದ್ದಳು. ಮಸೂದೆಯ ಸುದ್ದಿ ಬಂದ ದಿನದಿಂದ ಭಾವ ಬರುವುದನ್ನು ನಿಲ್ಲಿಸಿದ. ಶಾಸನಸಭೆಯ ಮೇಲಂತಸ್ತಿನಲ್ಲಿ, ಜನ ಕೂರುವ ಬೆಂಚಿನ ಮೇಲೆ, ದಿನಾ ಬಂದು ಕೂತು ಕಾಯತೊಡಗಿದ. ಕೆಳಗಿನಿಂದ ತಲೆಯೆತ್ತಿ ನೋಡಿದರೆ ಅವನ ಬಿಳಿ ಪಂಚೆ ಕಾಣುತ್ತಿತ್ತು. ಮೈ ಉರಿದು ಹೋಗುತ್ತಿತ್ತು ನನಗೆ.

ನಾನು ಸುಮ್ಮನೆ ಕೂರಲಿಲ್ಲ. ಎರಡೂ ಪಕ್ಷದ ಚಿಕ್ಕ ವಯಸ್ಸಿನವರ ಮನೆಗಳಿಗೆ ಹೋದೆ. "ಅಕ್ಕ, ನಮ್ಗೂ ಇಷ್ಟ ಇಲ್ಲ, ಆದ್ರೆ ಹಿರಿಯರ ಮಾತು ಕೇಳ್ಬೇಡಿ ಅಂತ ಭಾಷಣ ಮಾಡಿ ಮತ್ತೆ ಯಾವ ಮುಖ ಹೊತ್ಕೊಂಡ್ ಓಟ್ ಕೇಳೋದು?" ಅಂದರು. ಕೊನೆಗೆ ಸಿಕ್ಕವನು ವಕೀಲ ಇಂದುಧರ. ಏಣಿ ಪಕ್ಷದವನು, ಆದರೂ ಬುದ್ಧಿ ಇದ್ದವನು. ಇದ್ದದ್ದು ಸ್ವಲ್ಪ ಹೆಚ್ಚೇ ಆಯಿತು.

"ಅಕ್ಕ, ಎದುರಿಗೆ ನಿಂತು ಈ ಮಸೂದೆನ ಬೀಳಿಸಕ್ಕಾಗಲ್ಲ" ಅಂದ. "ನಾನೊಂದು ತಿದ್ದುಪಡಿ ತರ್ತೀನಿ. ಮದುವೆಯಾಗದ ಮಕ್ಕಳು ಅನ್ನೋದನ್ನ ತೆಗೆದು, ಯಾವ ಕಿರಿಯರೂ ಯಾವ ಹಿರಿಯರ ಮಾತನ್ನೂ ಮೀರಕೂಡದು ಅಂತ ಸೇರಿಸ್ತೀನಿ. ಆಗ ದೊಡ್ಡವೀರಪ್ಪನವರಿಗೂ ಅವರಿಗಿಂತ ಹಿರಿಯರ ಮುಂದೆ ಬಾಯಿ ಇರಲ್ಲ. ತನ್ನ ನಾಲಗೆನ ತಾನೇ ಕಟ್ಟಿಹಾಕ್ಕೊಳ್ಳೋ ಶಾಸಕನ್ನ ಎಲ್ಲಾದ್ರೂ ಕಂಡಿದೀರಾ? ಬೆವತುಬಿಟ್ಟು ಮಸೂದೆನೇ ವಾಪಸ್ ತಗೋತಾರೆ."

"ವಕೀಲಪ್ಪ, ಇದು ಕುಕ್ಕರಿನ ಕಥೆ ಆದ್ರೆ?" ಅಂದೆ. "ಅವ್ರು ಬೆವರದೆ ಹೌದು ಅಂದ್ಬಿಟ್ರೆ? ಈಗ ಮಗಳ ಬಾಯಿ ಹೋದ್ರೂ ತಾಯಿ ಬಾಯಿ ಉಳಿಯತ್ತೆ. ಭಾವನ ಮುಂದೆ ನಾನು ಆಗಲ್ಲ ಅನ್ಬೋದು. ನಿನ್ನ ತಿದ್ದುಪಡಿ ಬಂದ್ರೆ ಅದೂ ಹೋಗತ್ತಲ್ಲೋ."

"ಬರಲ್ಲ ಅಕ್ಕ. ಲೆಕ್ಕ ಹಾಕಿದೀನಿ" ಅಂದ. ಎಷ್ಟು ಹೇಳಿದರೂ ಕೇಳಲಿಲ್ಲ. ಓದಿದವರಿಗೆ ತಮ್ಮ ಉಪಾಯವೇ ತಮಗೆ ಚೆಂದ.

ಅವನ ಲೆಕ್ಕದಲ್ಲಿ ತಪ್ಪಿದ್ದು ಒಂದೇ ಕಡೆ, ಅದೂ ನಮ್ಮ ಸಭೆಯವರು ಮಾತ್ರ ತಪ್ಪಬಲ್ಲಂಥ ಕಡೆ. ನಮ್ಮಲ್ಲಿ ಚುನಾವಣೆಗೆ ನಿಲ್ಲುವ ಗಂಡಸರು ವಯಸ್ಸು ಕಡಿಮೆ ಬರೆಸುತ್ತಾರೆ. ಮುದುಕ ಅಂದರೆ ಪಕ್ಷ ಟಿಕೆಟ್ ಕೊಡುವುದಿಲ್ಲ ಅನ್ನುವ ಭಯ. ದೊಡ್ಡವೀರಪ್ಪನವರು ಎಪ್ಪತ್ತು ದಾಟಿ ಅರವತ್ತೆರಡು ಬರೆಸಿದ್ದರು. ರಾಮಶೇಷಯ್ಯನವರು ಎಂಬತ್ತರ ಹತ್ತಿರ ಬಂದು ಅರವತ್ತೈದು ಬರೆಸಿದ್ದರು. ತಾನು ಸುಳ್ಳು ಬರೆಸಿದ್ದು ತನಗೆ ಗೊತ್ತು, ಎದುರಿಗಿನವನದು ನಿಜ ಅಂತ ನಂಬಿಕೆ. ಕೂಟದ ಪ್ರತಿಯೊಬ್ಬ ಮುದುಕನೂ ಒಳಗೊಳಗೇ ತಾನೇ ಎಲ್ಲರಿಗಿಂತ ಹಿರಿಯ ಅಂದುಕೊಂಡು ಕೂತಿದ್ದ.

ಮಸೂದೆ ಬಂದ ದಿನ ಮೇಲಂತಸ್ತು ಕಿಕ್ಕಿರಿದಿತ್ತು. ಇಂದುಧರ ಎದ್ದು ತಿದ್ದುಪಡಿ ಓದಿದ. ಅವನು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ ಬೇರೆ. ದೊಡ್ಡವೀರಪ್ಪನವರು ಕಿಟಕಿ ಮೇಜಿನ ಗೆಳೆಯನನ್ನು ನೋಡಿದರು, ರಾಮಶೇಷಯ್ಯನವರು ಇವರನ್ನು ನೋಡಿದರು. ಇಬ್ಬರ ಮೀಸೆಯಡಿಯಲ್ಲೂ ಒಂದೊಂದು ಸಣ್ಣ ನಗು ಬಂತು.

"ನಮ್ಮ ಯುವ ಮಿತ್ರರು ಕೂಟದ ಕಣ್ಣು ತೆರೆಸಿದ್ದಾರೆ" ಅಂದರು ದೊಡ್ಡವೀರಪ್ಪನವರು. "ಧರ್ಮ ಅನ್ನೋದು ಮಕ್ಕಳಿಗೊಂದು, ನಮಗೊಂದು ಇರಬಾರದು. ನಮಗಿಂತ ಹಿರಿಯರಿದ್ದರೆ ನಾವೂ ತಲೆ ಬಾಗ್ತೀವಿ."

"ಏಣಿಯವರ ಜೊತೆ ನನ್ನ ಜನ್ಮದಲ್ಲಿ ಒಪ್ಪಿದ್ದು ಇದೊಂದೇ ಮಾತು" ಅಂದರು ರಾಮಶೇಷಯ್ಯನವರು. ಎರಡೂ ಕಡೆ ಮೇಜು ಕುಟ್ಟಿದರು.

ನಾನು ಎದ್ದು ನಿಂತೆ. "ಸ್ವಾಮಿ, ದಮ್ಮಯ್ಯ, ಇದನ್ನ ತರಬೇಡಿ" ಅಂದೆ. "ಹಿರಿಯರೆಲ್ಲ ಒಳ್ಳೆಯವರು ಅಂತ ಯಾರು ಹೇಳಿದ್ದು? ಕೂದಲು ನೆರೆತ ಮಾತ್ರಕ್ಕೆ ಬುದ್ಧಿ ಬರತ್ತಾ? ನಿಮ್ಮ ಮನೆ ಹೆಣ್ಣುಮಕ್ಕಳ ಮುಖ ಒಂದ್ಸಲ ನೆನೆಸ್ಕೊಳ್ಳಿ." ಯಾರೋ ಹಿಂದಿನಿಂದ, "ಕೂತ್ಕಳಮ್ಮ ಬಳೆಗಾರ್ತಿ" ಅಂದ. ನಕ್ಕರು. ಸಭಾಧ್ಯಕ್ಷರು ಒಪ್ಪುವವರು ಹೌದು ಅನ್ನಿ ಅಂದರು. ಏಣಿಯೂ ಕೊಡೆಯೂ ಒಂದೇ ಗಂಟಲಿನಲ್ಲಿ ಹೌದು ಅಂದವು, ನಾನು ಕಂಡಂತೆ ಅದೇ ಮೊದಲು. ಒಪ್ಪದವರು ಇಲ್ಲ ಅನ್ನಿ ಅಂದರು. ಇಂದುಧರನ ಬಾಯಿ ತೆರೆದುಕೊಂಡೇ ಇತ್ತು, ಸದ್ದು ಬರಲಿಲ್ಲ. ತನ್ನ ತಿದ್ದುಪಡಿಗೆ ತಾನೇ ಇಲ್ಲ ಅನ್ನುವುದು ಹೇಗೆ? ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ ಪುಣ್ಯಾತ್ಮ. ನಾನೊಬ್ಬಳೇ ಇಲ್ಲ ಅಂತ ಕಿರುಚಿದೆ. ನನಗಿಂತ ಹಿರಿಯರ ಮುಂದೆ ನಾನು ಅಂದ ಕೊನೆಯ ಇಲ್ಲ ಅದೇ.

ನಗಾರಿ ಬಿತ್ತು. ಗಂಟಲಿನಲ್ಲಿ ಏನೋ ಮೀನಿನ ಮುಳ್ಳು ಸಿಕ್ಕಿಕೊಂಡ ಹಾಗಾಗಿ ಇಳಿದು ಹೋಯಿತು.

ದೊಡ್ಡವೀರಪ್ಪನವರು ಗೆದ್ದ ಗತ್ತಿನಲ್ಲಿ ವಂದನೆ ಹೇಳಲು ಎದ್ದರು. "ಕೂತ್ಕೋ ವೀರಪ್ಪ, ನಾನ್ ಮೊದ್ಲು ಮಾತಾಡ್ತೀನಿ" ಅಂದರು ರಾಮಶೇಷಯ್ಯನವರು. ದೊಡ್ಡವೀರಪ್ಪನವರು ಕೂತುಬಿಟ್ಟರು. ಕೂತ ಮೇಲೆ ತಮ್ಮ ಮೊಣಕಾಲನ್ನು ತಾವೇ ನೋಡಿಕೊಂಡರು, ಅದು ಯಾರದೋ ಅನ್ನುವ ಹಾಗೆ. ಆಗ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ ಮುದಿ ಜವಾನ, ಪಿಂಚಣಿ ಬಂದ ಮೇಲೂ ಅಭ್ಯಾಸಬಲದಿಂದ ದಿನಾ ಬಂದು ಕೂರುತ್ತಿದ್ದವನು, "ಊಟದ ಹೊತ್ತಾಯ್ತು, ಎದ್ದೇಳ್ರಪ್ಪ ಎಲ್ಲಾ" ಅಂದ. ಇಡೀ ಸಭೆ ಎದ್ದು ನಿಂತಿತು. ನನಗೆ ನಗು ಬರಬೇಕಿತ್ತು. ಮೇಲೆ ನೋಡಿದೆ, ಭಾವ ಕೂತಿದ್ದ ಜಾಗ ಖಾಲಿಯಾಗಿತ್ತು.

ನಾನು ಓಡೋಡಿ ಮನೆಗೆ ಹೋಗುವಷ್ಟರಲ್ಲಿ ಭಾವ ಜಗುಲಿಯ ಮೇಲೆ ಕೂತು ಮಂಗಳಿಯ ಕೈಯಿಂದ ನೀರು ಕುಡಿಯುತ್ತಿದ್ದ. ಮಂಗಳಿಯ ಮುಖ ಬಿಳಿಚಿಕೊಂಡಿತ್ತು.

"ಮಂಗಳಿನ ಭೈರಪ್ಪನಿಗೆ ಕೊಡೋದು ಅಂತ ತೀರ್ಮಾನ ಮಾಡಿದೀನಿ" ಅಂದ ಭಾವ. "ಹುಣ್ಣಿಮೆ ಕಳೆದ ಮೇಲೆ ಧಾರೆ. ಅಲ್ಲೀವರೆಗೂ ಇಬ್ರೂ ಊರು ಬಿಟ್ಟು ಹೋಗ್ಕೂಡ್ದು. ಏನಂತೀಯ ನಂಜಮ್ಮ?"

ಆಗಲ್ಲ ಅನ್ನಲು ಬಾಯಿ ತೆರೆದೆ. ದೇವರಾಣೆಗೂ ತೆರೆದೆ. ಮಾತು ನಾಲಗೆಯ ತುದಿಯವರೆಗೆ ಬಂದು, ಅಲ್ಲಿಂದ ಜಾರಿ, "ಹೂಂ ಭಾವ" ಅಂತ ಹೊರಬಿತ್ತು. ಅವನು ಕೆಟ್ಟ ನಗೆ ನಗಲಿಲ್ಲ. ನೋಡು, ಎಷ್ಟು ಸಲೀಸು ಅನ್ನುವ ಹಾಗೆ ತಲೆಯಾಡಿಸಿ, ಎಲೆಯಡಿಕೆ ಹಾಕಿಕೊಂಡು ಹೋದ. ಅದೇ ನನಗೆ ಇನ್ನೂ ಅಸಹ್ಯವಾಯಿತು.

ಅವನು ತಿರುವಿನಲ್ಲಿ ಮರೆಯಾದದ್ದೇ ತಡ, ಮಂಗಳಿ ನನ್ನ ಮೇಲೆ ಹಾರಿಬಿದ್ದಳು. "ಯಾಕವ್ವ ಹೂಂ ಅಂದೆ? ನನ್ನ ಸುಟ್ಟಾಕ್ತಾನೆ ಅವ್ನು, ಗೊತ್ತಿದ್ದೂ ಹೂಂ ಅಂದ್ಯಲ್ಲ, ನೀನೂ ಒಬ್ಳು ತಾಯಾ?" ಬೀದಿಯವರು ಬಾಗಿಲಿಗೆ ಬಂದರು. ದುಃಖ, ಅವಮಾನ ಎರಡೂ ಸೇರಿ ತಲೆ ಕೆಟ್ಟು, "ಬಾಯ್ ಮುಚ್ಚೇ!" ಅಂದೆ. ಎಲ್ಲ ತಾಯಂದಿರೂ ಅನ್ನುವ ಮಾತು. ಅವಳ ಬಾಯಿ ಟಪ್ಪಂತ ಮುಚ್ಚಿತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮೂಗಿನಿಂದ ಉಸಿರು ನುಗ್ಗುತ್ತಿತ್ತು, ತುಟಿ ಮಾತ್ರ ಹೊಲಿದ ಹಾಗೆ. ನನಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. "ಮಾತಾಡು ನನ್ನವ್ವ, ಮಾತಾಡು" ಅಂತ ಅವಳ ಗಲ್ಲ ಹಿಡಿದುಕೊಂಡು ಅತ್ತೆ. ಅಪ್ಪಣೆಗೆ ಅವಳ ತುಟಿ ಬಿಚ್ಚಿತು, ಬಂದದ್ದು ಬರೀ ಅಳು.

ಊರು ಹೊಂದಿಕೊಂಡಿತು. ನಮ್ಮೂರಿನ ಜನ ಯಾವುದಕ್ಕೆ ಹೊಂದಿಕೊಳ್ಳುವುದಿಲ್ಲ? ಪಕ್ಕದ ಓಣಿಯ ಸಿಂಗಾರಿ ಅನ್ನುವವಳು, ಪರೀಕ್ಷೆಯಲ್ಲಿ ಫೇಲಾದ ಮಗನಿಗೆ ಸಿಟ್ಟಿನಲ್ಲಿ ಎಲ್ಲಾದರೂ ಹಾಳಾಗಿ ಹೋಗು ಅಂದಳು. ಅವನು ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೋದ. ಇನ್ನೂ ಬಂದಿಲ್ಲ. ಅವಳು ದಿನಾ ಹೊಸ್ತಿಲಲ್ಲಿ ನಿಂತು ಬಾರೋ ಬಾರೋ ಅಂತ ಕೂಗುತ್ತಾಳೆ, ಅದು ಅವನ ಕಿವಿಗೆ ಬೀಳಬೇಕಲ್ಲ. ಅಂದಿನಿಂದ ನಮ್ಮ ಬೀದಿಯ ತಾಯಂದಿರು ಮಕ್ಕಳನ್ನು ಬೈಯುವುದನ್ನು ಬಿಟ್ಟರು. ಸಂತೆಯಲ್ಲಿ ಬೆಲೆ ಕೇಳುವ ಮೊದಲು ವಯಸ್ಸು ಕೇಳುವುದು ರೂಢಿಯಾಯಿತು. ವ್ಯಾಪಾರಿಗಳು ತಮ್ಮ ಅಜ್ಜಿಯರನ್ನು ತಂದು ಗಲ್ಲಾಪೆಟ್ಟಿಗೆ ಮುಂದೆ ಕೂರಿಸಿಕೊಂಡರು. ಮೂಲೆಯಲ್ಲಿ ಬಿದ್ದಿದ್ದ ಮುದುಕರಿಗೆ ಹೊಸ ಕಂಬಳಿ ಬಂತು, ಹಾಲು ಬಂತು. ಧರ್ಮಾಸ್ಪತ್ರೆಯಲ್ಲಿ ದಿಕ್ಕಿಲ್ಲದೆ ಮಲಗಿದ್ದ ಮುದುಕರನ್ನು ಯಾರು ಯಾರೋ ಬಂದು ನನ್ನಪ್ಪ, ನನ್ನವ್ವ ಅಂತ ಎತ್ತಿಕೊಂಡು ಹೋದರು.

ನಾನೂ ಅದೇ ದಾರಿ ಹಿಡಿದೆ. ಕುಲುಮೆ ಬೀದಿಯ ಕರಿಯಾಚಾರಿ ತಾತನಿಗೆ ಎಂಬತ್ತು ದಾಟಿತ್ತು. ಅವನ ಕಾಲು ಹಿಡಿದು ಕರೆದುಕೊಂಡು ಭಾವನ ಮನೆಗೆ ಹೋದೆ. "ಆ ಮಗೂನ ಬಿಟ್ಬಿಡಯ್ಯ" ಅಂದ ತಾತ. "ಹೂಂ ತಾತ" ಅಂದ ಭಾವ, ಬೆಪ್ಪಾಗಿ. ಅವತ್ತು ಮಂಗಳಿ ಕೆಲಸಕ್ಕೆ ಹೋಗಿ ಬಸ್ಸುಗಳನ್ನು ಹಾಡಿನ ಹಾಗೆ ಕೂಗಿದಳಂತೆ, ಜನ ಬಸ್ಸು ಹತ್ತದೆ ಕೇಳುತ್ತಾ ನಿಂತಿದ್ದರಂತೆ. ಮಾರನೇ ದಿನವೇ ಭಾವ ತನ್ನ ಹೆಂಡತಿಯ ಅಜ್ಜಿಯನ್ನು ಆಟೋದಲ್ಲಿ ಕೂರಿಸಿಕೊಂಡು ಬಂದ. ತೊಂಬತ್ತರ ಅಂಚಿನ ಮುದುಕಿ. ಮೊಮ್ಮಗನ ಮೇಲೆ ಪ್ರಾಣ. "ಕೊಟ್ಟು ಕಳ್ಸವ್ವ ಹೆಣ್ಣ, ನಮ್ ಭೈರನ್ ಮನೆ ಬೆಳಗ್ಲಿ" ಅಂದಳು. ತಾತನೂ ಹೂಂ ಅಂದ, ನಾನೂ ಹೂಂ ಅಂದೆ.

ಇನ್ನು ಆ ಮುದುಕಿಗಿಂತ ಮೇಲೆ ಇದ್ದದ್ದು ಒಂದೇ ಜೀವ. ದೊಡ್ಡವೀರಪ್ಪನವರ ತಾಯಿ ಸಣ್ಣತಾಯಮ್ಮ. ರಾಜ್ಯಕ್ಕೆಲ್ಲ ಹಿರಿಯಳು. ಕಾನೂನು ಬರುವವರೆಗೆ ಅವಳು ಹಿತ್ತಿಲ ಕೋಣೆಯಲ್ಲಿ ಸೌದೆಯ ಪಕ್ಕ ಮಲಗುತ್ತಿದ್ದಳು. ಸಭೆಯಲ್ಲಿ ರಾಮಶೇಷಯ್ಯನವರು ಕೂರಿಸಿದ ದಿನವೇ ದೊಡ್ಡವೀರಪ್ಪನವರಿಗೆ ತಾಯಿಯ ನೆನಪು ಬಂತು. ಅವಳಿಗೆ ರೇಷ್ಮೆ ಸೀರೆ ಉಡಿಸಿ ಪಡಸಾಲೆಯ ಮಂಚದ ಮೇಲೆ ಕೂರಿಸಿ, ಬಾಗಿಲಿಗೆ ಕಾವಲು ಹಾಕಿದರು. ಇಡೀ ಊರಿನಲ್ಲಿ ಕಾನೂನು ಬೀಗ ಹಾಕದ ಬಾಯಿ ಅದೊಂದೇ. ಬೇಡ ಅನ್ನಲು ಬರುವ ಒಂದೇ ಬಾಯಿ.

ಧಾರೆಯ ಹಿಂದಿನ ದಿನ ಮಂಗಳಿಯನ್ನು ಕರೆದುಕೊಂಡು ಹೊರಟೆ. ಭಾವನಿಗೂ ಹೇಳಿ ಕಳಿಸಿದ್ದೆ: ಹಿರಿಯಮ್ಮನ ಆಶೀರ್ವಾದ ಬೇಡವೇ, ನೀವೂ ಬನ್ನಿ ಅಂತ. ಅವನ ಕಿವಿಗೆ ಬಿದ್ದರೆ ತಾನೇ ಮಾತು ನಾಟುವುದು? ಅವನು ಹಣ್ಣು, ವೀಳ್ಯ ಹಿಡಿದುಕೊಂಡೇ ಬಂದ. ನನಗಿಂತ ವಯಸ್ಸಾದ ಕಾವಲಿನವನು ಅಡ್ಡ ನಿಂತು, ಯಾರನ್ನೂ ಬಿಡುವ ಹಾಗಿಲ್ಲ ಅಂದ. ನಾನು ಬೀದಿಯ ನಡುವೆ ನಿಂತು, ಎಷ್ಟೋ ವರ್ಷ ಕೂಗದಿದ್ದ ಕೂಗು ಕೂಗಿದೆ. "ಬಳೇ... ಬಳೆಯಮ್ಮೋ..."

ಆ ಮನೆಯ ಸೊಸೆಯರಿಗೆ ಬಳೆ ತೊಡಿಸಲು ಹೋದಾಗಲೆಲ್ಲ ಸಣ್ಣತಾಯಮ್ಮ ಬಂದು ದೂರದಲ್ಲಿ ಕೂರುತ್ತಿದ್ದಳು. ಗಂಡ ಸತ್ತು ಬಹಳ ಕಾಲವಾಗಿತ್ತು, ತೊಡುವ ಹಾಗಿಲ್ಲ. ಎಲ್ಲರದೂ ಆದ ಮೇಲೆ ಹತ್ತಿರ ಬಂದು ಮಲಾರದ ಮೇಲೆ ಬೆರಳಾಡಿಸಿ, ಸದ್ದು ಕೇಳಿಕೊಂಡು ಹೋಗುತ್ತಿದ್ದಳು. ಆ ಕೂಗು ಅವಳಿಗೆ ಮರೆತಿರಲಿಲ್ಲ. "ಬಳೆಗಾರ್ತಿ ಬಂದ್ಲು, ಒಳೀಕ್ ಕರೀರೋ" ಅನ್ನುವ ಸಣ್ಣ ದನಿ ಪಡಸಾಲೆಯಿಂದ ಬಂತು. ದೊಡ್ಡವೀರಪ್ಪನವರೇ ಎದ್ದು ಬಂದು, ಹಲ್ಲು ಕಚ್ಚಿಕೊಂಡು, ತಮ್ಮ ಕೈಯಾರೆ ಬಾಗಿಲು ತೆಗೆದರು.

ನಾನು ಅಜ್ಜಿಯ ಪಾದದ ಹತ್ತಿರ ಕೂತು ಎಲ್ಲ ಹೇಳಿದೆ. ಸುಟ್ಟು ಸತ್ತ ಹುಡುಗಿಯ ಮುಂಗೈ ಹೇಗಿತ್ತು ಅನ್ನುವುದನ್ನೂ ಹೇಳಿದೆ. ಭಾವ, "ಅದೆಲ್ಲ ಊರೋರ್ ಕಟ್ಟಿದ್ ಮಾತು ತಾಯಿ" ಅಂದ. ಅಜ್ಜಿ ಮಂಗಳಿಯ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಮುಂಗೈ ಸವರುತ್ತಾ ಕೇಳಿಸಿಕೊಂಡಳು. ಅವಳ ಕಣ್ಣು ಒದ್ದೆಯಾದದ್ದು ನೋಡಿ ನನಗೆ ಹೋದ ಜೀವ ಬಂತು.

"ಅಜ್ಜಿ, ಒಂದೇ ಒಂದ್ ಮಾತು" ಅಂದೆ. "ನಮ್ ಭಾವನ್ನ ನೋಡಿ ಬೇಡ ಅನ್ನಿ. ಅಷ್ಟ್ ಸಾಕು. ನನ್ ಮಗಳು ಬದುಕ್ಕೊತಾಳೆ."

ಅಜ್ಜಿ ನನ್ನನ್ನು ನೋಡಿದಳು, ಭಾವನನ್ನು ನೋಡಿದಳು. "ಅದ್ನ ಹೆಂಗನ್ನೋದು ಕಣವ್ವ?" ಅಂದಳು. ನನಗೆ ಅರ್ಥವಾಗಲಿಲ್ಲ. "ಮಾವ ಬಂದು ನೋಡಿ ಒಪ್ಪಿದ್ರು, ಆಗ್ಲಿ ಅಂದೆ. ಆಗ ಹಾಲ್ ಹಲ್ಲೂ ಬಿದ್ದಿರ್ನಿಲ್ಲ ನಂಗೆ. ಅತ್ತೆ ಹಿಂಗೆ ಮಾಡು ಅಂದ್ರು, ಆಗ್ಲಿ ಅಂದೆ. ನಮ್ ಯಜಮಾನ್ರು ಇನ್ನೊಬ್ಬಳ್ನ ತಂದ್ರು, ಆಗ್ಲಿ ಅಂದೆ. ಅವ್ರ್ ಹೋದಾಗ ಬಳೆ ಒಡಿಯಕ್ ಬಂದ್ರು, ಕೈ ನೀಡಿ ಆಗ್ಲಿ ಅಂದೆ. ಈ ನನ್ ಮಗ ಹಿತ್ಲಲ್ಲಿ ಮಲಕ್ಕೊ ಅಂದ, ಆಗ್ಲಿ ಅಂದೆ. ನೀ ಹೇಳೋ ಮಾತ ನಾನು ಯಾರಿಗೂ ಅಂದೇ ಇಲ್ವಲ್ಲವ್ವ."

ದೊಡ್ಡವೀರಪ್ಪನವರು ತಲೆ ತಗ್ಗಿಸಿಕೊಂಡು ನೆಲ ನೋಡುತ್ತಿದ್ದರು.

"ಈಗ ಅನ್ನಿ ಅಜ್ಜಿ" ಅಂದೆ. "ಯಾರೂ ಏನೂ ಮಾಡಕ್ಕಾಗಲ್ಲ ನಿಮ್ಗೆ. ನಿಮಗಿಂತ ದೊಡ್ಡೋರು ಯಾರೂ ಇಲ್ಲ. ನಾನ್ ಹೇಳ್ಕೊಡ್ತೀನಿ. ಬೇ. ಡ." ಮಗುವಿಗೆ ಮಾತು ಕಲಿಸುವ ಹಾಗೆ ನನ್ನ ತುಟಿ ತೋರಿಸಿದೆ. ಮಂಗಳಿ ಅವಳ ಎರಡೂ ಕೈ ಹಿಡಿದುಕೊಂಡು, ಬಸ್ ಸ್ಟ್ಯಾಂಡಿನ ಆ ದೊಡ್ಡ ಗಂಟಲನ್ನು ಆದಷ್ಟು ಸಣ್ಣದು ಮಾಡಿಕೊಂಡು, "ಅನ್ನಿ ಅಜ್ಜಿ, ಬೇಡ ಅನ್ನಿ" ಅಂದಳು. ಅಜ್ಜಿ ತುಟಿ ಕೂಡಿಸಿದಳು. "ಬೇ..." ಅಂದಳು. ಕತ್ತಿನ ನರ ಉಬ್ಬಿತು. ಅವಳನ್ನು ಯಾವ ನಗಾರಿಯೂ ಹಿಡಿದಿರಲಿಲ್ಲ. "ಬೇ..." ಅಂತ ಇನ್ನೊಂದು ಸಲ ಅಂದಳು. ನಾನು ಊರಿನ ದೇವರನ್ನೆಲ್ಲ ನೆನೆದೆ.

ಭಾವ ಕೆಮ್ಮಿದ. ಗಂಡು ದನಿಯನ್ನು ಸ್ವಲ್ಪ ಎತ್ತರಿಸಿ, "ಏನಂತೀರಿ ತಾಯಿ? ಹುಡುಗೀನ ಭೈರಪ್ಪನಿಗೆ ಕೊಡೋದು ಆಗ್ಬೋದಲ್ಲ?" ಅಂದ.

ಅಜ್ಜಿಯ ಬೆನ್ನು ಬಾಗಿತು. ಸೆರಗು ತಾನಾಗಿ ತಲೆಯ ಮೇಲೆ ಬಂತು. "ಆಗ್ಲಪ್ಪ" ಅಂದಳು.

ಭಾವ ಹಣ್ಣು, ವೀಳ್ಯವನ್ನು ಅವಳ ಮುಂದಿಟ್ಟು, ಅಡ್ಡಬಿದ್ದು, ಮಂಟಪದ ಕೆಲಸ ಇದೆ ಅಂತ ಹೊರಟುಹೋದ. ಅದಕ್ಕಿಂತ ಮೇಲಿನ ಮಾತು ಈ ರಾಜ್ಯದಲ್ಲಿ ಇನ್ನಿರಲಿಲ್ಲ.

ಮಂಗಳಿ ಅಜ್ಜಿಯ ಕೈ ಬಿಡಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡುತ್ತಿದ್ದು, ಆಮೇಲೆ ನಮ್ಮಿಬ್ಬರ ಮುಖವನ್ನೂ ಒಂದೊಂದಾಗಿ ನೋಡಿದಳು. ಅವಳಿಗೆ ಏನೋ ಹೆದರಿಕೆ ಬಂದಿತ್ತು. ಬಾಗಿ ನನ್ನ ಗಲ್ಲ ಮುಟ್ಟಿ, "ಸರಿಯಾಗೇ ಅಂದ್ನಲ್ಲವ್ವ ನಾನು?" ಅಂದಳು.

ಇಲ್ಲ ಅಜ್ಜಿ, ನನ್ನ ಮಗಳನ್ನು ಕೊಂದಿರಿ ಅನ್ನಲು ಬಾಯಿ ತೆರೆದೆ.

"ಹೌದಜ್ಜಿ" ಅಂದೆ. ಪಕ್ಕದಲ್ಲಿ ಮಂಗಳಿಯೂ ಅಂದಳು.